ಸಕಾರ ತಿನ್ನುವ ಮಿಕ್ಸರ್

ಜನವರಿ 19, ಭಾನುವಾರ

ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಹದಿನೆಂಟು ದಿನ ಸುಮ್ಮನೆ ಬಿದ್ದಿತ್ತು. ನನ್ನ ಬರವಣಿಗೆಯ ಚಟವೆಲ್ಲ ಕಾಗದದಲ್ಲೇ ತೀರುತ್ತದೆ. ಎಚ್.ಡಿ. ಕೋಟೆಯ ತಂಗಿ ಪ್ರಮೀಳಾಗೆ ತಿಂಗಳಿಗೊಂದು ಕಾಗದ, ಹುಣಸೂರಿನ ಅಣ್ಣನ ಮಗ ಸ್ವಾಮಿಗೆ ಹಬ್ಬಕ್ಕೊಂದು. ಅವರು ಉತ್ತರ ಬರೆಯುವುದಿಲ್ಲ, ಫೋನ್ ಮಾಡಿ ‘ಕಾಗ್ದ ಬಂತು’ ಅನ್ನುತ್ತಾರೆ. ಆದರೆ ಈಗಿನ ಸಂಗತಿಯನ್ನು ಪ್ರಮೀಳಾಗೆ ಬರೆದರೆ ಮೂರನೇ ದಿನಕ್ಕೆ ಅದು ನನ್ನ ಹೆಂಡತಿ ಮಲ್ಲಾಜಮ್ಮನಿಗೆ ಮುಟ್ಟುತ್ತದೆ. ಹಾಗಾಗಿ ನನಗೆ ನಾನೇ ಬರೆದುಕೊಳ್ಳುವುದು ಕ್ಷೇಮ.

ಸಂಗತಿ ಇಷ್ಟೇ. ಮೈಸೂರಿನಲ್ಲಿ ಬಾಗಿಲು ಹಾಕಿದ ಒಂದು ಸ್ಟುಡಿಯೋದಿಂದ ಹಳೆಯ ಡಿಜಿಟಲ್ ಮಿಕ್ಸರ್ ತಂದಿದ್ದೇನೆ. ಚೆನ್ನಾಗಿ ನಡೆಯುತ್ತದೆ ಎಂದು ಮಲ್ಲಾಜಮ್ಮನಿಗೆ ಹೇಳಿದ್ದೇನೆ. ನಡೆಯುವುದಿಲ್ಲ.

ಮಿಕ್ಸರ್ ಅಂದರೆ ಚಟ್ನಿ ರುಬ್ಬುವುದಲ್ಲ. ಹತ್ತಾರು ಮೈಕುಗಳ ದನಿಯನ್ನು ಒಂದೆಡೆ ಸೇರಿಸಿ, ಯಾವುದು ಎಷ್ಟು ಕೇಳಬೇಕೋ ಅಷ್ಟು ಹದ ಮಾಡಿ ಸ್ಪೀಕರಿಗೆ ಕಳಿಸುವ ಯಂತ್ರ. ನಲವತ್ತೆರಡು ವರ್ಷದಿಂದ ಮಿರ್ಲೆಯಲ್ಲಿ ಮೈಕ್ ಸೆಟ್ ಇಟ್ಟಿರುವ ನನಗೇ ಇದನ್ನು ಬಸ್ಸಿನ ಕಂಡಕ್ಟರಿಗೆ ವಿವರಿಸಲು ಆಗಲಿಲ್ಲ. ಕೆ.ಆರ್. ನಗರದ ತನಕ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಯಾವೂರ ಹಾರ್ಮೋನಿ ಯಜಮಾನ್ರೇ ಅಂತ ಕೇಳಿದ. ಜಪಾನು ಅಂದೆ. ಅಷ್ಟು ದೂರದಿಂದ ಬಂದಿರುವುದಕ್ಕೆ ಲಗೇಜು ಟಿಕೆಟ್ ಬೇಡ ಬುಡಿ ಅಂದ.

ತಂದದ್ದು ಯಾಕೆಂದರೆ, ನನ್ನಲ್ಲಿ ಮೊದಲಿದ್ದ ಮಿಕ್ಸರನ್ನು ದಸರೆಯ ಹೊತ್ತಿಗೆ ಇಲಿ ತಿಂದು ಮುಗಿಸಿತು. ಮಾರ್ಚ್ ಒಂಬತ್ತಕ್ಕೆ ಪಿರಿಯಾಪಟ್ಟಣದಲ್ಲಿ ಚಿನ್ನುವಿನ ಮದುವೆ. ಚಿನ್ನು ಅಂದರೆ ಮಲ್ಲಾಜಮ್ಮನ ತಮ್ಮ ನಂಜಣ್ಣನ ಮಗಳು. ಆ ಮದುವೆಯಲ್ಲಿ ನನ್ನ ಅತ್ತೆ ಬೀರಮ್ಮ ಸೋಬಾನೆ ಹಾಡಬೇಕು. ಅತ್ತೆಗೆ ಎಂಬತ್ತೆರಡು. ಆ ಮನೆಯಲ್ಲಿ ಇನ್ನು ಮದುವೆಗೆ ಬಂದ ಮಕ್ಕಳಿಲ್ಲ, ಇದೇ ಕಡೆಯದು. ಆದರೆ ಗಂಡಿನ ಕಡೆಯವರಿಗೆ ಹುಣಸೂರಿನ ಆರ್ಕೆಸ್ಟ್ರಾ ಬೇಕಂತೆ. ಇಬ್ಬರ ನಡುವೆ ಸಿಕ್ಕಿಕೊಂಡ ನಂಜಣ್ಣ ನನಗೆ ಮಾತು ಹೇಳಿದ್ದಾನೆ: “ಬಾವ, ಫೆಬ್ರವರಿ ಇಪ್ಪತ್ಮೂರಕ್ಕೆ ನಮ್ಮನೇಗ್ ಬಂದು ಸೆಟ್ ಆಕ್ತೋರ್ಸಿ. ಅವ್ವನ ದನಿ ಚೆನ್ನಾಗ್ ಕೇಳುದ್ರೆ ಸೋಬಾನೆ. ಇಲ್ಲಾಂದ್ರೆ ಆರ್ಕೆಸ್ಟ್ರಾದವರಿಗೆ ಏಳ್ಬುಡ್ತೀನಿ, ಬೇಜಾರ್ ಮಾಡ್ಕಬೇಡಿ.”

ಆರ್ಕೆಸ್ಟ್ರಾ ಬಂದರೆ ಅತ್ತೆ ಬಾಯಿ ತೆರೆಯುವುದಿಲ್ಲ. ನನಗೆ ಗೊತ್ತು.

ಜನವರಿ 22, ಬುಧವಾರ

ಮಿಕ್ಸರ್ ಬಿಚ್ಚಿದೆ. ಮೂವತ್ತೆಂಟು ಸ್ಕ್ರೂ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿಟ್ಟೆ. ಮಧ್ಯಾಹ್ನ ಆ ತಟ್ಟೆಗಾಗಿ ಜಗಳ ಆಯಿತು, ಅದನ್ನು ಬರೆಯುವುದಿಲ್ಲ.

ಕರೆಂಟು ಒಳಗೆ ಬರುವ ಜಾಗದಲ್ಲಿ ಐದು ಕೆಪಾಸಿಟರ್‌ಗಳು ತಲೆ ಉಬ್ಬಿಸಿಕೊಂಡು ಕೂತಿವೆ. ಅವುಗಳ ಜಾಗಕ್ಕೆ ಹೊಸವು ಹಾಕಬೇಕು. ಇನ್ನು ಫೇಡರು, ಅಂದರೆ ದನಿ ಏರಿಸಿ ಇಳಿಸಲು ಮೇಲೆ ಕೆಳಗೆ ಜಾರುವ ಗುಂಡಿಗಳು. ಮೂರನೆಯದು ಜಾರುವುದೇ ಇಲ್ಲ. ಬಿಚ್ಚಿ ನೋಡಿದರೆ ಒಳಗೆ ಕೆಂಪಗೆ ಗಟ್ಟಿಯಾಗಿ ಏನೋ ಕಟ್ಟಿಕೊಂಡಿದೆ. ಮೂಸಿದೆ. ಕುಂಕುಮ! ಪ್ರತಿ ಆಯುಧಪೂಜೆಗೂ ಸ್ಟುಡಿಯೋದವರು ಇದಕ್ಕೆ ಕುಂಕುಮ, ವಿಭೂತಿ ಹಚ್ಚಿ, ಊದುಬತ್ತಿ ಸಿಕ್ಕಿಸಿದ್ದಾರೆ. ಇಪ್ಪತ್ತೈದು ವರ್ಷದ ಪೂಜೆಯೆಲ್ಲ ಮೂರನೇ ಫೇಡರಿಗೇ ಇಳಿದಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದು ತೆಗೆದೆ. ಇಷ್ಟು ಭಕ್ತಿಯಿಂದ ಕೆಟ್ಟ ಯಂತ್ರವನ್ನು ನಾನು ಕಂಡಿಲ್ಲ.

ಹೊರಗಿನಿಂದ ಮಲ್ಲಾಜಮ್ಮ ಏನೋ ಅಂದಳು. ಹೂಂ ಅಂದೆ.

ಜನವರಿ 28, ಮಂಗಳವಾರ

ಕೆ.ಆರ್. ನಗರದಿಂದ ಕೆಪಾಸಿಟರ್ ತಂದು ಬೆಸುಗೆ ಹಾಕಿ ಇವತ್ತು ಸ್ವಿಚ್ ಒತ್ತಿದೆ. ನಾನು ಕೈ ತೆಗೆದಿದ್ದೇನೆ, ಗುಂಡಿಗಳೆಲ್ಲ ಒಟ್ಟಿಗೆ ಸರ್ರನೆ ಮೇಲೆ ಹೋದವು, ಒಟ್ಟಿಗೆ ಕೆಳಗೆ ಬಂದವು! ಒಳಗೆ ಮೋಟಾರುಗಳಿವೆ. ಹಿಂದಿನ ಸಲ ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಗೆ ತಾವೇ ಹೋಗಿ ನಿಲ್ಲುತ್ತವೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಲ್ಲಾಜಮ್ಮ ಇದಕ್ಕೆ ಮೈಮೇಲೆ ಬಂದಿದೆ ಅಂದಳು. ಸ್ವಲ್ಪ ಹೊತ್ತಿಗೆ ಕುಂಕುಮದ ಬಟ್ಟಲು ಹಿಡಿದು ಬಂದಳು. ಕೈಮುಗಿದು ಬೇಡಿಕೊಂಡ ಮೇಲೆ ಮುಚ್ಚಳದ ಮೇಲೆ ಮಾತ್ರ ಒಂದು ಬೊಟ್ಟು ಇಟ್ಟಳು.

ಪುಟ್ಟ ಪರದೆಯ ಮೇಲೆ ಬ್ಯಾಟರಿ ಸೋತಿದೆ ಎಂದು ಇಂಗ್ಲಿಷಿನಲ್ಲಿ ಬರುತ್ತಿದೆ. ಆರಿಸಿ ಹಚ್ಚಿದರೆ ಮಾಡಿಟ್ಟದ್ದೆಲ್ಲ ಮರೆತಿರುತ್ತದೆ.

“ನಿಮ್ಮಂಗೇ ಅದೆ ಬುಡಿ,” ಅಂದಳು.

ಫೆಬ್ರವರಿ 2, ಭಾನುವಾರ

ಬ್ಯಾಟರಿ ಬದಲಿಸಿದೆ. ಮರೆವು ಹೋಯಿತು. ಆದರೆ ಇವತ್ತು ಅದಕ್ಕಿಂತ ವಿಚಿತ್ರವಾದ ರೋಗ ಸಿಕ್ಕಿದೆ.

ಮಲ್ಲಾಜಮ್ಮನನ್ನು ಅಡುಗೆಮನೆಯಲ್ಲಿ ಮೈಕಿನ ಮುಂದೆ ಕೂರಿಸಿ, ನಾನು ಪಡಸಾಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಏನು ಮಾತಾಡಲಿ ಅಂದಳು, ಸಂತೆಯ ಚೀಟಿ ಓದು ಅಂದೆ. ಮೆಣಸಿನಕಾಯಿ, ಬೆಲ್ಲ, ಬದನೆಕಾಯಿ ಎಲ್ಲ ಗಂಟೆ ಹೊಡೆದ ಹಾಗೆ ಬಂದವು. ಆಮೇಲೆ ‘ಆಇವೆ’ ಅಂತು. ‘ಈಗೇಕಾಯಿ’ ಅಂತು. ‘ಔತೇಕಾಯಿ’ ಅಂತು. ಹೆಡ್‌ಫೋನ್ ತೆಗೆದು ಚೀಟಿ ಇಸಿದುಕೊಂಡು ನೋಡಿದರೆ ಸಾಸಿವೆ, ಸೀಗೇಕಾಯಿ, ಸೌತೇಕಾಯಿ.

ನಮ್ಮ ಕಡೆಯ ಜನ ಹಕಾರ ತಿನ್ನುತ್ತಾರೆ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಈ ಜಪಾನಿನವನು ಸಕಾರ ತಿನ್ನುತ್ತಾನೆ. ಅವರ ದೇಶದಲ್ಲಿ ಸಕಾರ ಇಲ್ಲವೇನೋ ಎಂದು ಯೋಚಿಸಿದೆ. ಸುಜುಕಿ ನೆನಪಾಯಿತು. ಇದೆ.

ಸೋಬಾನೆಯಲ್ಲಿ ಸಕಾರ ಇಲ್ಲದಿದ್ದರೆ ಮೊದಲ ಅಕ್ಷರವೇ ಹೋಯಿತಲ್ಲ.

ಫೆಬ್ರವರಿ 6, ಗುರುವಾರ

ದಿನವಿಡೀ ಸಕಾರ ಹುಡುಕಿದೆ. ಸಿಗಲಿಲ್ಲ. ಸಂಜೆ ಅಂಗಡಿಗೆ ಹೊರಟಾಗ ಮಲ್ಲಾಜಮ್ಮ ಉಪ್ಪು ತರಲು ಹೇಳಿದಳು, ತಂದೆ. ಸೋಮವಾರ ತಾನೇ ತಂದಿದ್ದೆ. ಪೊಟ್ಟಣ ನೋಡಿ, ನನ್ನ ಮುಖ ನೋಡಿ, ಒಳಗೆ ಹೋದಳು.

ಫೆಬ್ರವರಿ 11, ಮಂಗಳವಾರ

ಕೆ.ಆರ್. ನಗರದ ಕರಿಯಯ್ಯ ಬಂದಿದ್ದ. ಟಿ.ವಿ. ರಿಪೇರಿಯವನು, ನನಗಿಂತ ಎರಡು ವರ್ಷ ದೊಡ್ಡವನು, ಬೆಸುಗೆ ಹಾಕುವುದನ್ನು ನಾವಿಬ್ಬರೂ ಒಂದೇ ಕಬ್ಬಿಣದಲ್ಲಿ ಕಲಿತದ್ದು. ಮಿಕ್ಸರಿನ ಒಂದೊಂದೇ ಹಲಗೆ ತೆಗೆದು ನೋಡಿದ. ಕೆಲಸ ಅಚ್ಚುಕಟ್ಟಾಗಿದೆ ಅಂದ. ಕರಿಯಯ್ಯನ ಬಾಯಿಂದ ಈ ಮಾತು ಬಂದದ್ದು ಹತ್ತು ವರ್ಷದ ಮೇಲೆ.

ಸಕಾರದ ವಿಷಯ ಹೇಳಿದೆ. ಮೈಕು ಹಿಡಿದು ಹಲ್ಲು ಕಚ್ಚಿ ಸ್ಸ್ಸ್ ಅಂತ ಊದಿದ. ಪರದೆಯ ಪಕ್ಕದ ಹಸಿರು ದೀಪಗಳು ಮೇಲಿನ ತನಕ ಹತ್ತಿಕೊಂಡವು. ದನಿ ಒಳಗೆ ಹೋಗುತ್ತಿದೆ ಅಂತ ಅದರ ಅರ್ಥ. ಹೆಡ್‌ಫೋನು ತಾನು ಹಾಕಿಕೊಂಡು ಮಲ್ಲಾಜಮ್ಮನಿಂದ ಸಂತೆ ಚೀಟಿ ಓದಿಸಿದ. ಸಾಸಿವೆಯೂ ಕೇಳಿತಂತೆ, ಸೀಗೇಕಾಯಿಯೂ ಕೇಳಿತಂತೆ. ಅವನಿಗೆ ಊಟದ ಹೊತ್ತಾಗಿತ್ತು, ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ.

ಹೋಗುವಾಗ ಹೆಗಲ ಮೇಲೆ ಕೈ ಹಾಕಿ, ತೀರಾ ಹತ್ತಿರ ಬಂದು ಹೇಳಿದ: “ಲೇ ಸಣ್ಣಬೀರ, ಈ ಮಿಸಿನ್ನು ಸರಿಯಾಗದೆ ಕಣ್ಲಾ. ಇದು ಬುಟ್ಟು ಇನ್ನೊಂದು ಮಿಸಿನ್ನದಲ್ಲ, ಅದ ಒಂದ್ಸಲ ಮೈಸೂರ್ಗೆ ತಕ್ಕೋಗ್ ತೋರ್ಸು.”

ಅದೂ ನಿಜ. ಸ್ಪೀಕರ್ ಪೆಟ್ಟಿಗೆಯ ಕಡೆ ನಾನು ನೋಡಿಯೇ ಇರಲಿಲ್ಲ.

ಫೆಬ್ರವರಿ 16, ಭಾನುವಾರ

ಶುಕ್ರವಾರ ಸ್ಪೀಕರುಗಳನ್ನು ಮೈಸೂರಿಗೆ ಒಯ್ದು ಸಣ್ಣ ದನಿ ಹೊರಡಿಸುವ ಟ್ವೀಟರುಗಳನ್ನು ಹೊಸದು ಹಾಕಿಸಿಕೊಂಡು ಬಂದೆ. ಬಿಚ್ಚಿದ ಹುಡುಗ ಹಳೆಯವೇ ಚೆನ್ನಾಗಿವೆ ತಾತ ಅಂದ. ಈಗಿನ ಮಕ್ಕಳಿಗೆ ಯಾವುದು ಕೆಟ್ಟದ್ದು ಎಂದು ತಿಳಿಯುವುದಿಲ್ಲ. ತಂದು ಹಾಕಿ ನೋಡಿದೆ. ಸಕಾರ ಇಲ್ಲ.

ಈ ಸಲ ಸಂಜೆ ಹೊತ್ತಿಗೆ ಜೀರುಂಡೆಯೂ ಇಲ್ಲ. ಗದ್ದೆಗೆ ಅಷ್ಟೊಂದು ಔಷಧಿ ಹೊಡೆದರೆ ಎಲ್ಲಿ ಉಳಿದಾವು. ಪ್ರಮೀಳಾಗೆ ಕಾಗದದಲ್ಲಿ ಇದನ್ನು ಬರೆದಿದ್ದೆ. ಅವಳು ಫೋನಿನಲ್ಲಿ, ಹೋದ ವಾರ ನಿಮ್ಮನೆಗೆ ಬಂದಾಗ ಜೀರುಂಡೆ ಕಾಟಕ್ಕೆ ಕಿಟಕಿ ಮುಚ್ಚಿದೆ ಅಂದಳು. ಅವಳು ಮೊದಲಿಂದಲೂ ಒಂದಕ್ಕೆ ಎರಡು ಸೇರಿಸುವವಳು.

ಇವತ್ತು ಮತ್ತೆ ಉಪ್ಪು ಕೇಳಿದಳು, ಮತ್ತೆ ತಂದೆ. ಮಲ್ಲಾಜಮ್ಮ ಈ ಸಲ ಸುಮ್ಮನೆ ಒಳಗೆ ಹೋಗಲಿಲ್ಲ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಗೂಡು ತೋರಿಸಿದಳು. ಏಳು ಪೊಟ್ಟಣ ಉಪ್ಪು ಸಾಲಾಗಿ ಕೂತಿದೆ.

“ನಾನ್ ಕೇಳಿದ್ದು ಸೊಪ್ಪು,” ಅಂದಳು, ನನ್ನ ಮುಖದ ಮುಂದೆ ನಿಂತು. “ಏಳ್ ಸಲವೂ ಸೊಪ್ಪೇ ಕೇಳಿವ್ನಿ. ಸೊಪ್ಪಿಲ್ದೆ ಉಪ್ಸಾರು ಎಂಗ್ ಮಾಡ್ಲಿ?”

ಮುಂದಿನ ಹಲ್ಲು ಬಿದ್ದ ಮೇಲೆ ಇವಳ ಸಕಾರ ಗಾಳಿಯಲ್ಲೇ ಹೋಗುತ್ತಿದೆ, ಪಾಪ. ಅವಳಿಗೆ ನೋವಾಗಬಾರದೆಂದು ಹೇಳಲಿಲ್ಲ.

ಫೆಬ್ರವರಿ 23, ಭಾನುವಾರ

ಇವತ್ತಿನದ್ದನ್ನು ಬರೆಯಬೇಕೋ ಬೇಡವೋ.

ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಸೆಟ್ ಹಾಕಿಕೊಂಡು ಪಿರಿಯಾಪಟ್ಟಣದ ಹತ್ತಿರದ ನಂಜಣ್ಣನ ಮನೆಗೆ ಹೋದೆವು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದಿನ ಅಂಗಳದಲ್ಲಿ ಸ್ಪೀಕರ್ ನಿಲ್ಲಿಸಿದೆ. ಹರಾಜಿಗೆ ಕಳಿಸಲು ಸೊಪ್ಪಿನ ಬೇಲು ಕಟ್ಟುತ್ತಿದ್ದವರೂ ಕೆಲಸ ಬಿಟ್ಟು ಬಂದು ಕೂತರು. ಗಂಡಿನ ಕಡೆಯಿಂದ ಇಬ್ಬರು ಬಂದಿದ್ದರು. ಅತ್ತೆ ಬಾಯಿ ಮುಕ್ಕಳಿಸಿ, ಸೆರಗು ಹೊದ್ದು, ಜೊತೆಯ ನಾಲ್ವರು ಹೆಂಗಸರೊಂದಿಗೆ ಮೂರನೇ ಮೈಕಿನ ಮುಂದೆ ಕೂತರು.

ಹಾಡು ಶುರುವಾಯಿತು. ದನಿ ದುಂಡಗೆ ಬಂತು, ಆದರೆ ಸಕಾರ ಇಲ್ಲ, ಚಕಾರ ಇಲ್ಲ, ಬಟ್ಟೆ ಮುಚ್ಚಿ ಹಾಡಿದ ಹಾಗೆ. ಟ್ರಿಬಲ್ ಏರಿಸಿದೆ. ಟ್ರಿಬಲ್ ಅಂದರೆ ದನಿಯ ಮೊನೆ. ಇನ್ನೂ ಏರಿಸಿದೆ. ಕೊನೆಯ ಗೆರೆಯ ತನಕ ಒಯ್ದೆ. ಆಗ ನನಗೆ ಅತ್ತೆಯ ಬಾಯಿಂದ ‘ಸೋ’ ಅನ್ನುವುದು ಮೊಟ್ಟಮೊದಲ ಬಾರಿಗೆ, ಹೊಳೆಯಾಚೆಯಿಂದ ಬಂದಂತೆ, ಕೇಳಿತು. ಕಣ್ಣಲ್ಲಿ ನೀರು ಬಂತು. ತಲೆ ಎತ್ತಿ ನೋಡಿದರೆ ಅಂಗಳದ ಜನವೆಲ್ಲ ಎರಡು ಕೈಯನ್ನೂ ಮುಖಕ್ಕೆ ಒಯ್ದಿದ್ದಾರೆ. ಭಕ್ತಿಯಿಂದ ಗಲ್ಲ ಬಡಿದುಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಕಿವಿ ಮುಚ್ಚಿಕೊಂಡಿದ್ದರು. ಹಸು ಹಗ್ಗ ಕಿತ್ತುಕೊಂಡು ತೋಟಕ್ಕೆ ನುಗ್ಗಿತು. ಒಂದು ಕೂಸು ಬಾಯಿ ತೆರೆದು ಅಳುತ್ತಿತ್ತು, ಅದು ಕಾಣುತ್ತಿತ್ತು. ನನಗೆ ಮಾತ್ರ ಅತ್ತೆಯ ಹಾಡು ಚೆಂದವಾಗಿ ಕೇಳುತ್ತಲೇ ಇತ್ತು. ಯಾರೋ ಪ್ಲಗ್ ಕಿತ್ತರು.

ಅತ್ತೆ ಮೈಕನ್ನು ನೆಲದ ಮೇಲಿಟ್ಟು ನನ್ನ ಕಡೆ ತಿರುಗಿದರು. “ಅಳಿಮಯ್ಯ, ಆಡ್ತಿದ್ದದ್ದು ನಾನಾ, ಇಲ್ಲ ಇದ್ರೊಳಗೆ ಆವು ಬುಸ್ಗುಡ್ತಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಂಜಣ್ಣ ನಗಲಿಲ್ಲ. ಊಟಕ್ಕೆ ಕೂತಾಗ ಎಲೆಯ ಮೇಲೆ ಕಣ್ಣಿಟ್ಟುಕೊಂಡೇ ಹುಣಸೂರಿನವರಿಗೆ ಹೇಳಿಬಿಡುತ್ತೇನೆ ಬಾವ ಅಂದ. ಇದು ಮಾತ್ರ ಸರಿಯಾಗಿ ಕೇಳಿತು.

ಫೆಬ್ರವರಿ 24, ಸೋಮವಾರ

ನನಗೆ ಶೀತ ಆಗಿರಬೇಕು.

ಫೆಬ್ರವರಿ 27, ಗುರುವಾರ

ಮೂರು ದಿನ ಮಿಕ್ಸರಿನ ಮೇಲೆ ಗೋಣಿಚೀಲ ಹೊದಿಸಿದ್ದೆ. ಇವತ್ತು ಮಲ್ಲಾಜಮ್ಮ ಬಂದು ನನ್ನ ಕೈಗೆ ಇದೇ ಡೈರಿಯನ್ನೂ ಪೆನ್ನನ್ನೂ ಕೊಟ್ಟಳು. ಅವಳಿಗೆ ಓದಲು ಬರುವುದು ಸಂತೆ ಚೀಟಿಯಷ್ಟು, ನನ್ನ ಮೋಡಿ ಅಕ್ಷರ ಅವಳಿಗೆ ದಕ್ಕುವುದಿಲ್ಲ. ಹಾಗೆಂದು ನಂಬಿದ್ದೇನೆ.

ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದಳು. ತಾನು ಬೆನ್ನ ಹಿಂದೆ ನಿಂತು ಹತ್ತು ಮಾತು ಹೇಳುತ್ತೇನೆ, ಕೇಳಿದ ಹಾಗೆ ಬರೆಯಿರಿ, ಮೇಷ್ಟರ ಮುಂದೆ ಕಾಪಿ ಬರೆದ ಹಾಗೆ ಅಂದಳು. ಆಟ ಅಂದುಕೊಂಡು ಬರೆದೆ. ಬಾಗಿಲು, ಮಡಕೆ, ಎಮ್ಮೆ, ಈರೆ, ಬೆಲ್ಲ, ಓರೆ, ಮಗಳು, ಗೋಣಿ, ಊಜಿ, ಅಂತೆ.

ಅವಳು ಮುಂದೆ ಬಂದು ಕೂತು ಹೇಳಿದ ಮಾತುಗಳನ್ನು ಮತ್ತೆ ಹೇಳಿದಳು. ಬಾಗಿಲು, ಮಡಕೆ, ಎಮ್ಮೆ, ಸೀರೆ, ಬೆಲ್ಲ, ಸೋರೆ, ಮಗಳು, ಗೋಣಿ, ಸೂಜಿ, ಸಂತೆ.

ಹತ್ತಕ್ಕೆ ಆರು ಸರಿ. ತಪ್ಪಿದ ನಾಲ್ಕೂ ಸಕಾರದವು. ಮಿಕ್ಸರ್ ಗೋಣಿಚೀಲದ ಕೆಳಗೆ ಆಫ್ ಆಗಿತ್ತು.

ಆಮೇಲೆ ಅವಳು ಫೋನ್ ತೆಗೆದುಕೊಂಡು ತಮ್ಮನಿಗೆ ಮಾಡಿದಳು. “ನಂಜ, ಆರ್ಕೆಸ್ಟ್ರಾ ಬರ್ಲಿ. ಅವರ್ಗಿಂತ ಮುಂಚೆ ಅವ್ವಂಗೆ ಅರ್ಧ ಗಂಟೆ ಬುಡು. ವೈರು ಗೀರು ಎಲ್ಲ ನಿಮ್ ಬಾವ ನೋಡ್ಕತಾರೆ. ಕೇಳೋದು ನಂದು.” ಆ ಕಡೆಯಿಂದ ನಂಜಣ್ಣ ಏನೇನೋ ಹೇಳುತ್ತಿದ್ದ. ಇವಳು ಕೊನೆಗೆ, “ಇದ್ ನಮ್ಮವ್ವನ ಕಡೇ ಸೋಬಾನೆ ಕಣೋ,” ಅಂದಳು. ಫೋನ್ ಇಟ್ಟು ನನ್ನ ಕಡೆ ತಿರುಗಿ, ಒಪ್ಕಂಡ ಅಂದಳು.

ಮಾರ್ಚ್ 3, ಸೋಮವಾರ

ಪಾಠ ನಡೆಯುತ್ತಿದೆ. ಯಾರು ಯಾರಿಗೆ ಕಲಿಸುತ್ತಿದ್ದಾರೆ ಗೊತ್ತಾಗುತ್ತಿಲ್ಲ. ನಾನು ಟ್ರಿಬಲ್ ಅನ್ನುತ್ತೇನೆ, ಅವಳು ಒಗ್ಗರಣೆ ಅನ್ನುತ್ತಾಳೆ. ಬೇಸ್, ಅಂದರೆ ದನಿಯ ದಪ್ಪ, ಅವಳ ಬಾಯಲ್ಲಿ ಮುದ್ದೆ. ಒಗ್ಗರಣೆ ಜಾಸ್ತಿಯಾಯ್ತು, ಮುದ್ದೆ ಕಮ್ಮಿಯಾಯ್ತು ಅಂದರೆ ನಾನು ಗುಂಡಿ ತಿರುಗಿಸಬೇಕು. ನಿನ್ನೆಯಿಂದ ಅವಳೇ ತಿರುಗಿಸಲು ಶುರು ಮಾಡಿದ್ದಾಳೆ. ನಲವತ್ತೆರಡು ವರ್ಷದಲ್ಲಿ ನನಗೆ ತಿಳಿಯದ ಒಂದು ಸಂಗತಿ: ಅತ್ತೆ ಪ್ರತಿ ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವಾಗ ದನಿ ಸೀಳುತ್ತದಂತೆ. ಅಲ್ಲಿ ಒಂದು ಗೆರೆ ಇಳಿಸಬೇಕು, ಮತ್ತೆ ಏರಿಸಬೇಕು. ಅವಳಿಗೆ ಅದು ಹೇಗೆ ಗೊತ್ತು ಅಂದರೆ, ಅವ್ವನ ಪಕ್ಕ ಮಲಗಿದವಳಿಗೆ ಗೊತ್ತಿರಲ್ವಾ ಅಂತ ನನ್ನನ್ನೇ ಕೇಳುತ್ತಾಳೆ.

ಮಾರ್ಚ್ 10, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಕೈಯಿಂದ ಪೆನ್ನು ಜಾರುವಷ್ಟು ಸುಸ್ತು.

ಛತ್ರದಲ್ಲಿ ಗದ್ದಲವೋ ಗದ್ದಲ. ಆರ್ಕೆಸ್ಟ್ರಾದ ಹುಡುಗರು ಒಂದು ಕಡೆ ಡ್ರಮ್ಮು ಕಟ್ಟುತ್ತಿದ್ದರು. ನಮಗೆ ಕೊಟ್ಟದ್ದು ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆ. ಮಿಕ್ಸರಿನ ಮುಂದೆ ಎರಡು ಕುರ್ಚಿ ಹಾಕಿದೆ. ಮಲ್ಲಾಜಮ್ಮ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಭತ್ತ ಕುಟ್ಟಲು ಕೂತವಳ ಹಾಗೆ ಕೂತಳು. ಹುಡುಗರಲ್ಲಿ ಒಬ್ಬ ಇನ್ನೊಬ್ಬನಿಗೆ ತೋರಿಸಿ ನಕ್ಕದ್ದನ್ನು ನಾನು ನೋಡಿದೆ.

ಅತ್ತೆ ಎರಡು ಸಾಲು ಹಾಡಿದ್ದರು. ನನ್ನ ಕಣ್ಣು ದೀಪಗಳ ಮೇಲೆ. ಇದ್ದಕ್ಕಿದ್ದಂತೆ ಮೂರನೇ ಫೇಡರು ಅರ್ಧ ಇಂಚು ಕೆಳಗೆ ಬಂತು. ಮೋಟಾರಿಗೆ ಮತ್ತೆ ಮೈಮೇಲೆ ಬಂತೇನೋ ಎಂದು ಸ್ವಿಚ್ಚಿಗೆ ಕೈ ಹಾಕಿದೆ. ನೋಡಿದರೆ ಮಲ್ಲಾಜಮ್ಮನ ಬೆರಳು. ಸ್ಪೀಕರು ಕುಂಯ್ ಎಂದು ಕೂಗಲು ಬಾಯಿ ತೆರೆಯುತ್ತಿತ್ತಂತೆ, ಅಷ್ಟರಲ್ಲೇ ಹಿಡಿದಳಂತೆ. ನನಗೆ ಗೊತ್ತೇ ಆಗಲಿಲ್ಲ. ಆಮೇಲೆ ಸಾಲಿಗೊಂದು ಸಲ ಅವಳ ಬೆರಳು ಇಳಿಯಿತು, ಏರಿತು, ಇಳಿಯಿತು, ಏರಿತು. ನಾನು ವೈರು ಕಾಯುತ್ತಾ ಕೂತೆ.

ಮೂರನೇ ಹಾಡಿಗೆ ಅಡುಗೆಮನೆಯ ಹೆಂಗಸರು ಕೈ ಒರೆಸಿಕೊಂಡು ಬಂದು ಕಂಬದ ಹತ್ತಿರ ನಿಂತರು. ನಾಲ್ಕನೇ ಹಾಡಿಗೆ ಗಂಡಿನ ಕಡೆಯ ಒಬ್ಬ ಅಜ್ಜಿ ಯಾರೂ ಕರೆಯದೆ ಹೋಗಿ ಅತ್ತೆಯ ಪಕ್ಕ ಕೂತು ದನಿ ಸೇರಿಸಿದರು. ಹಸೆಮಣೆಯ ಮೇಲೆ ಚಿನ್ನು ತಲೆ ತಗ್ಗಿಸಿಕೊಂಡಿದ್ದವಳು ತಿರುಗಿ ತನ್ನ ಅಜ್ಜಿಯನ್ನೇ ನೋಡುತ್ತಾ ಕೂತಳು. ಒಂಬತ್ತೂವರೆಯಾಯಿತು. ಆರ್ಕೆಸ್ಟ್ರಾದವರು ನಂಜಣ್ಣನ ಮುಖ ನೋಡಿದರು. ನಂಜಣ್ಣ ಕೈಯಲ್ಲೇ ಇರಿ ಅಂದ. ಹತ್ತಾದರೂ ಇರಿ ಅಂದ.

ನಿಜ ಹೇಳಬೇಕೆಂದರೆ ಅತ್ತೆಯ ಹಾಡು ನನಗೆ ಅರ್ಧ ಕೇಳಿತು. ಇನ್ನರ್ಧವನ್ನು ಜನ ಕೇಳುವುದನ್ನು ನೋಡಿದೆ. ಒಬ್ಬರ ಕೈಯೂ ಕಿವಿಗೆ ಹೋಗಲಿಲ್ಲ.

ಇಳಿದು ಬಂದ ಅತ್ತೆ ನನ್ನ ಬೆನ್ನು ತಟ್ಟಿ ಏನೋ ಹೇಳಿದರು. ಹೂಂ ಅಂದೆ. ಮಲ್ಲಾಜಮ್ಮ ಆಮೇಲೆ ತಿಳಿಸಿದಳು. ಈಗ ನಿನ್ ಮಿಸಿನ್ನು ಸರ್ಯೋಯ್ತು ಅಳಿಮಯ್ಯ ಅಂದರಂತೆ.

ಮಾರ್ಚ್ 14, ಶುಕ್ರವಾರ

ಚುಂಚನಕಟ್ಟೆಯ ಮಹದೇವಯ್ಯನ ಫೋನು. ಅವರ ಮನೆಯ ಗೃಹಪ್ರವೇಶಕ್ಕೆ ಸೆಟ್ ಬೇಕಂತೆ. ಮದುವೆಗೆ ಬಂದಿದ್ದನಂತೆ. ಎಲ್ಲ ಮಾತಾಡಿದ ಮೇಲೆ ಅನುಮಾನದಿಂದ ಎಳೆದು ಕೇಳಿದ: “ಅಣ್ಣ, ಅಕ್ಕ ಬತ್ತಾರಾ? ಅಕ್ಕ ಬಂದ್ರೆ ಮಾತ್ರ ಕಣಣ್ಣ.”

ನಲವತ್ತೆರಡು ವರ್ಷದ ಅಂಗಡಿ. ಬೋರ್ಡಿನ ಮೇಲೆ ನನ್ನ ಹೆಸರಿದೆ. ಕೇಳಿ ಹೇಳುತ್ತೇನೆ, ಅವರಿಗೆ ಪುರುಸೊತ್ತು ಇರಬೇಕಲ್ಲ ಅಂದೆ. ಹೇಳಿದ ಮೇಲೆ ಯಾಕೋ ನಗು ಬಂತು.

ಮಲ್ಲಾಜಮ್ಮ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ವಿಷಯ ಹೇಳಿದೆ. ಮೊರದಿಂದ ತಲೆ ಎತ್ತದೆ ಏನೋ ಅಂದಳು. ನಾನು ಹೊರಟವನು ನಿಂತೆ. ವಾಪಸು ಹೋಗಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತೆ.

“ಏನಂದೆ? ಇನ್ನೊಂದ್ಸಲ ಏಳು,” ಅಂದೆ.

ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಕೋಳಿ ಬಂದು ರಾಗಿಗೆ ಬಾಯಿ ಹಾಕಿತು. ಆಮೇಲೆ ನಿಧಾನವಾಗಿ, ತುಟಿ ಬಿಡಿಸಿ ಹೇಳಿದಳು. ಬತ್ತೀನಿ, ಆದರೆ ಅಷ್ಟು ಜನರ ಮುಂದೆ ಕೂರುವುದಕ್ಕೆ ಒಂದು ಹೊಸ ಸೀರೆ ಬೇಕು.

ಹೂಂ ಅಂದು ಹೊರಟುಬಿಟ್ಟಿದ್ದರೆ ಈ ಹೊತ್ತಿಗೆ ಹೀರೇಕಾಯಿ ತಂದಿರುತ್ತಿದ್ದೆ.